ಪ್ರಿಂಟರ್ ಕ್ಯೂ ನಿಂತೋದ್ರೆ: ಲಿನಕ್ಸ್ ಓದುಗರ ಪ್ರಶ್ನೆ, ನಮ್ಮ ಉತ್ತರ

ಲಿನಕ್ಸ್‌ನಲ್ಲಿ ಪ್ರಿಂಟಿಂಗ್ ಬಗ್ಗೆ ಏನೇ ತೊಂದ್ರೆ ಇದ್ರೂ ಬರೀರಿ ಅಂತ ಹೋದ ಸಂಚಿಕೇಲಿ ಕೇಳಿದ್ವಿ. ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತು ಹೇಳ್ತಿವೆ, ಪ್ರಿಂಟ್ ಕೊಟ್ಟೆ, ಬರ್ಲಿಲ್ಲ, ಕ್ಯೂನಲ್ಲೇ ಕೂತಿದೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಇದಕ್ಕೇ ಮೀಸಲು.

ಓದೋ ಮುಂಚೆ ಒಂದು ಸೂಚನೆ. ಕಮಾಂಡ್‌ಗಳನ್ನ ಉಚ್ಚಾರದ ಪ್ರಕಾರ ಕನ್ನಡದಲ್ಲೇ ಅಚ್ಚು ಹಾಕಿದೀವಿ, ಟರ್ಮಿನಲ್‌ನಲ್ಲಿ (ಕಮಾಂಡ್ ಬರೆಯೋ ಕಿಟಕಿ) ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಹೊಡೀರಿ, ದೊಡ್ಡಕ್ಷರ ಬೇಕಿರೋ ಕಡೆ ನಾವೇ ಹೇಳಿದೀವಿ. ಜಾಬ್ ಅಂದ್ರೆ ನೀವು ಪ್ರಿಂಟ್‌ಗೆ ಕೊಟ್ಟ ಒಂದು ಕೆಲಸ, ಕ್ಯೂ ಅಂದ್ರೆ ಜಾಬ್‌ಗಳು ಕಾಯೋ ಸಾಲು. ಕ್ಯೂ ಹೆಸರು ಅಂತ ಬರೆದಿರೋ ಕಡೆ ನಿಮ್ಮ ಪ್ರಿಂಟರ್‌ಗೆ ಸಿಸ್ಟಮ್ ಕೊಟ್ಟಿರೋ ಹೆಸರು ಹಾಕ್ಬೇಕು.

ಪ್ರಶ್ನೆ: ನಮಸ್ಕಾರ ಸರ್. ನಂದು ಜೆರಾಕ್ಸ್ ಮತ್ತೆ ಡಿಟಿಪಿ ಅಂಗಡಿ, ಎರಡೂ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿಸಿದೀನಿ. ಕರೆಂಟ್ ಹೋಗಿ ಬಂದ್ಮೇಲೆ ಪ್ರಿಂಟ್ ಕೊಟ್ರೆ ಏನೂ ಬರಲ್ಲ, ಎರರ್ ಕೂಡ ತೋರ್ಸಲ್ಲ, ಲಿಸ್ಟಲ್ಲಿ ಜಾಬ್ ಸೇರ್ತಾ ಹೋಗತ್ತೆ ಅಷ್ಟೇ. ಪ್ರಿಂಟರ್ ಆನ್ ಇದೆ, ಕೇಬಲ್ ಸರಿ ಇದೆ. ಸಿಸ್ಟಮ್ ರೀಸ್ಟಾರ್ಟ್ ಮಾಡಿದ್ರೂ ಅದೇ ಕಥೆ. ಪ್ರಿಂಟರ್ ಡಿಲೀಟ್ ಮಾಡಿ ಮತ್ತೆ ಆಡ್ ಮಾಡಿದ್ರೆ ಮಾತ್ರ ಸರಿ ಹೋಗತ್ತೆ. ಗಿರಾಕಿಗಳು ಎದುರಿಗೇ ನಿಂತಿರ್ತಾರೆ, ಏನ್ ಮಾಡ್ಲಿ? (ತೀರ್ಥಹಳ್ಳಿ)

ಉತ್ತರ: ನಿಮ್ಮ ಪ್ರಿಂಟರ್ ಕೆಟ್ಟಿಲ್ಲ, ಲಿನಕ್ಸೂ ಕೆಟ್ಟಿಲ್ಲ. ಕ್ಯೂನ ಸಿಸ್ಟಮ್ಮೇ ಬೇಕು ಅಂತ ನಿಲ್ಸಿದೆ, ಮತ್ತೆ ಶುರು ಮಾಡು ಅಂತ ನೀವು ಹೇಳೋ ತನಕ ಕಾಯ್ತಾ ಇದೆ.

ಲಿನಕ್ಸ್‌ನಲ್ಲಿ ಪ್ರಿಂಟಿಂಗ್ ನೋಡ್ಕೊಳ್ಳೋದು ಕಪ್ಸ್ ಅನ್ನೋ ಪ್ರೋಗ್ರಾಮು. ನೀವು ಪ್ರಿಂಟ್ ಒತ್ತಿದ ಕೂಡ್ಲೇ ಫೈಲ್ ನೇರ ಪ್ರಿಂಟರ್‌ಗೆ ಹೋಗಲ್ಲ, ಮೊದಲು ಕಪ್ಸ್ ಅದನ್ನ ಡಿಸ್ಕಲ್ಲಿ ಇಟ್ಕೊಳ್ಳತ್ತೆ, ಆಮೇಲೆ ಫಿಲ್ಟರ್ ಅನ್ನೋ ಸಣ್ಣ ಪ್ರೋಗ್ರಾಮುಗಳು ಅದನ್ನ ಪ್ರಿಂಟರ್‌ಗೆ ಅರ್ಥ ಆಗೋ ರೂಪಕ್ಕೆ ಬದಲಾಯಿಸ್ತವೆ, ಕೊನೇಗೆ ಬ್ಯಾಕೆಂಡ್ ಅನ್ನೋದು ಯುಎಸ್‌ಬಿ ಅಥವಾ ನೆಟ್‌ವರ್ಕ್ ಮೂಲಕ ಕಳ್ಸತ್ತೆ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಂಪ್ಯೂಟರ್ ಯುಪಿಎಸ್ ಮೇಲಿರತ್ತೆ, ಲೇಸರ್ ಪ್ರಿಂಟರ್ ನೇರ ಲೈನ್ ಮೇಲಿರತ್ತೆ, ಅದು ಹಾಗೇ ಇರ್ಬೇಕು ಕೂಡ, ಯಾಕಂದ್ರೆ ಲೇಸರ್ ಪ್ರಿಂಟರ್‌ನ ಫ್ಯೂಸರ್ ಬಿಸಿ ಆಗೋವಾಗ ಎಳೆಯೋ ಕರೆಂಟನ್ನ ಸಣ್ಣ ಯುಪಿಎಸ್ ತಡ್ಕೊಳಲ್ಲ. ಕರೆಂಟ್ ಹೋದಾಗ ಕಂಪ್ಯೂಟರ್ ಬದುಕಿರತ್ತೆ, ಪ್ರಿಂಟರ್ ಸತ್ತಿರತ್ತೆ, ಬ್ಯಾಕೆಂಡ್ ಅರ್ಧ ಜಾಬ್ ಕಳ್ಸಿ ಫೇಲ್ ಆಗತ್ತೆ. ಆಗ ಏನು ಮಾಡ್ಬೇಕು ಅನ್ನೋದಕ್ಕೆ ಕಪ್ಸ್‌ನಲ್ಲಿ ಎರರ್ ಪಾಲಿಸಿ ಅಂತ ಒಂದು ಸೆಟ್ಟಿಂಗ್ ಇದೆ. ಕಪ್ಸ್ ಮೂಲದಲ್ಲಿ ಅದರ ಡೀಫಾಲ್ಟು ಸ್ಟಾಪ್-ಪ್ರಿಂಟರ್, ಅಂದ್ರೆ ಜಾಬನ್ನ ಭದ್ರವಾಗಿಟ್ಕೊಂಡು ಕ್ಯೂ ನಿಲ್ಸು ಅಂತ. ಕೆಲವು ಡಿಸ್ಟ್ರೋದವರು (ಲಿನಕ್ಸನ್ನ ಸಜ್ಜು ಮಾಡಿ ಹಂಚೋರು) ಇದನ್ನ ಬೇರೆ ಮಾಡಿಟ್ಟಿರ್ತಾರೆ, ನಿಮ್ಮದರಲ್ಲಿ ಸ್ಟಾಪ್ ಅಂತಲೇ ಇರ್ಬೇಕು. ನಿಂತಿದೆ ಅನ್ನೋ ಸ್ಥಿತೀನ ಕಪ್ಸ್ ತನ್ನ ಪ್ರಿಂಟರ್ಸ್.ಕಾನ್ಫ್ ಫೈಲಲ್ಲಿ ಬರೆದಿಟ್ಕೊಳ್ಳತ್ತೆ, ಅದಕ್ಕೇ ನೀವು ಎಷ್ಟು ಸಲ ರೀಸ್ಟಾರ್ಟ್ ಮಾಡಿದ್ರೂ ಎದ್ದ ಮೇಲೂ ಅದು ನಿಂತೇ ಇರೋದು. ಡಿಲೀಟ್ ಮಾಡಿ ಆಡ್ ಮಾಡಿದ್ರೆ ಹೊಸ ಕ್ಯೂ ಆಗತ್ತೆ, ಹೊಸದಕ್ಕೆ ನಿಂತ ನೆನಪಿರಲ್ಲ, ಹಾಗಾಗಿ ಸರಿ ಹೋಯ್ತು ಅನ್ಸತ್ತೆ.

ಇನ್ಮೇಲೆ ಹೀಗಾದಾಗ ಯಾವುದನ್ನೂ ಮುಟ್ಟೋ ಮುಂಚೆ ಟರ್ಮಿನಲ್ ತೆಗೆದು ಎಲ್‌ಪಿಸ್ಟ್ಯಾಟ್ -ಟಿ ಹೊಡೀರಿ. ಬರೋ ಸಾಲುಗಳನ್ನ ಮೇಲಿಂದ ಓದ್ತಾ ಹೋಗಿ. ಮೊದಲನೇ ಸಾಲು ಶೆಡ್ಯೂಲರ್ ಈಸ್ ರನ್ನಿಂಗ್ ಅಂತಿದ್ರೆ ಕಪ್ಸ್ ಬದುಕಿದೆ. ಎರಡನೇದು ಡೀಫಾಲ್ಟ್ ಪ್ರಿಂಟರ್ ಯಾವುದು ಅಂತ, ಎಷ್ಟೋ ಸಲ ತಪ್ಪು ಇಲ್ಲೇ ಇರತ್ತೆ, ಮನೆಗೆ ಒಯ್ದ ಹಳೇ ಪ್ರಿಂಟರ್ ಇನ್ನೂ ಡೀಫಾಲ್ಟ್ ಆಗಿರತ್ತೆ. ಆಮೇಲೆ ಡಿವೈಸ್ ಫಾರ್ ಅನ್ನೋ ಸಾಲಲ್ಲಿ ಪ್ರಿಂಟರ್‌ನ ವಿಳಾಸ. ಅದರ ಕೆಳಗೆ ಕ್ಯೂ ಹೆಸರಿನ ಜೊತೆ ಆಕ್ಸೆಪ್ಟಿಂಗ್ ರಿಕ್ವೆಸ್ಟ್ಸ್ ಅಂತ ಒಂದು, ಪ್ರಿಂಟರ್ ಡಿಸೇಬಲ್ಡ್ ಸಿನ್ಸ್ ಅಂತ ಇನ್ನೊಂದು, ಇವೆರಡನ್ನ ಗಮನ ಇಟ್ಟು ನೋಡಿ. ಹಿಟ್ಟಿನ ಗಿರಣೀಲಿ ಡಬ್ಬ ತಗೊಂಡು ಸಾಲಲ್ಲಿ ಇಡ್ತಾನೇ ಇದಾರೆ, ಒಳಗೆ ಮೋಟರ್ ಮಾತ್ರ ಆಫ್ ಆಗಿದೆ, ನಿಮ್ಮ ಅಂಗಡೀಲಿ ಆಗ್ತಿರೋದು ಸರಿಯಾಗಿ ಇದೇ. ಜಾಬ್ ಒಳಗೆ ಬರ್ತಾ ಇದೆ, ಎರರ್ ಇಲ್ಲ, ಕ್ಯೂ ಡಿಸೇಬಲ್ ಆಗಿದೆ. ಡಿಸೇಬಲ್ಡ್ ಸಾಲಿನ ಕೆಳಗೇ ಕಾರಣ ಕೂಡ ಬರೆದಿರತ್ತೆ, ಯಾರೂ ಅದನ್ನ ಓದೋ ಗೋಜಿಗೆ ಹೋಗಲ್ಲ, ದಯವಿಟ್ಟು ಓದಿ.

ಎಬ್ಬಿಸೋಕೆ ಸುಡೊ ಕಪ್ಸ್‌ಎನೇಬಲ್ ಕ್ಯೂ-ಹೆಸರು. ಸುಡೊ ಅಂದ್ರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸು ಅಂತ. ಮುಗೀತು, ಡಿಲೀಟ್ ಬೇಡ, ಆಡ್ ಬೇಡ. ಆದ್ರೆ ಅದಕ್ಕೂ ಮುಂಚೆ ಲಿಸ್ಟಲ್ಲಿ ಏನೇನು ಕೂತಿದೆ ನೋಡ್ಕೊಳಿ, ಬರ್ಲಿಲ್ಲ ಅಂತ ಅದೇ ಆಧಾರ್ ಕಾಪೀನ ನಾಲ್ಕೈದು ಸಲ ಒತ್ತಿರ್ತೀರ, ಎನೇಬಲ್ ಮಾಡಿದ ಕ್ಷಣ ಅವೆಲ್ಲಾ ಸಾಲಾಗಿ ಹೊರಗೆ ಬರ್ತವೆ. ಬೇಡದ್ದನ್ನ ಕ್ಯಾನ್ಸಲ್ ಅಂತ ಬರೆದು ಪಕ್ಕದಲ್ಲಿ ಜಾಬ್ ನಂಬರ್ ಹಾಕಿ ತೆಗೀರಿ, ಎಲ್ಲಾನೂ ಬೇಡ ಅಂದ್ರೆ ಕ್ಯಾನ್ಸಲ್ -ಎ ಕ್ಯೂ-ಹೆಸರು.

ಪದೇ ಪದೇ ಕರೆಂಟ್ ಹೋಗೋ ಊರಲ್ಲಿ ದಿನಾ ಇದನ್ನ ಮಾಡ್ತಾ ಕೂರೋಕಾಗಲ್ಲ, ಅದಕ್ಕೆ ಪಾಲಿಸೀನೇ ಬದಲಾಯಿಸ್ಬೋದು: ಸುಡೊ ಎಲ್‌ಪಿಅಡ್ಮಿನ್ -ಪಿ ಕ್ಯೂ-ಹೆಸರು -ಓ ಪ್ರಿಂಟರ್-ಎರರ್-ಪಾಲಿಸಿ=ರೀಟ್ರೈ-ಜಾಬ್. ಆಗ ಕಪ್ಸ್ ಕ್ಯೂ ನಿಲ್ಸಲ್ಲ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಳ್ಸೋಕೆ ನೋಡತ್ತೆ, ಡೀಫಾಲ್ಟ್ ಗ್ಯಾಪ್ 30 ಸೆಕೆಂಡು.

ಆದ್ರೆ ಇಲ್ಲೊಂದು ವಿಷ್ಯ, ಅಂಗಡಿಯವರು ಇದನ್ನ ತಲೇಲಿ ಇಟ್ಕೊಳ್ಳೇಬೇಕು. ರೀಟ್ರೈ ಅಂದ್ರೆ ಜಾಬ್ ಮೊದಲನೇ ಪೇಜಿಂದ ಮತ್ತೆ ಬರತ್ತೆ. ಖಾಲಿ ಎ4 ಹಾಳೆ ಆದ್ರೆ ಒಂದೆರಡು ಹಾಳೆ ಹೋಯ್ತು ಅಷ್ಟೆ. ಇ-ಸ್ಟ್ಯಾಂಪ್ ಪೇಪರ್ ಮೇಲೆ ಬಾಡಿಗೆ ಕರಾರು ಹೊಡೀತಾ ಇದ್ದಾಗ ಮಧ್ಯೆ ನಿಂತು ಮತ್ತೆ ಶುರು ಆದ್ರೆ? ಅದು ದುಡ್ಡು ಕೊಟ್ಟು ತಂದ ಪೇಪರು, ಗಿರಾಕೀದು. ಅದಕ್ಕೆ ನಾನು ಹೇಳೋದು ಒಂದೇ ಪ್ರಿಂಟರ್‌ಗೆ ಎರಡು ಕ್ಯೂ ಮಾಡ್ಕೊಳಿ, ಕಪ್ಸ್ ಇದಕ್ಕೆ ಅಡ್ಡಿ ಮಾಡಲ್ಲ, ಎರಡಕ್ಕೂ ಡಿವೈಸ್ ವಿಳಾಸ ಒಂದೇ ಕೊಟ್ರಾಯ್ತು. ಒಂದಕ್ಕೆ ಸಾದಾ ಅಂತ ಹೆಸರಿಟ್ಟು ರೀಟ್ರೈ ಪಾಲಿಸಿ, ಇನ್ನೊಂದಕ್ಕೆ ಸ್ಟ್ಯಾಂಪ್ ಅಂತ ಹೆಸರಿಟ್ಟು ಸ್ಟಾಪ್ ಪಾಲಿಸಿ, ಪೇಪರ್ ಸೈಜೂ ಅದರಲ್ಲೇ ಲೀಗಲ್‌ಗೆ ಸೆಟ್ ಮಾಡಿಟ್ಬಿಡಿ. ಹೆಸರನ್ನ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ, ಮಧ್ಯೆ ಜಾಗ ಬಿಡದೆ ಕೊಡಿ. ಸ್ಟ್ಯಾಂಪ್ ಕ್ಯೂ ನಿಂತ್ರೆ ನೀವೇ ಕಣ್ಣಾರೆ ನೋಡಿ, ಹಾಳೆ ಸರಿ ಇಟ್ಟು, ಆಮೇಲೆ ಎನೇಬಲ್ ಮಾಡೋದು. ಪ್ರಿಂಟರ್ಸ್.ಕಾನ್ಫ್ ಫೈಲನ್ನ ನೇರವಾಗಿ ತಿದ್ದೋಕೆ ಹೋಗ್ಬೇಡಿ, ಕಪ್ಸ್ ಓಡ್ತಾ ಇದ್ದಾಗ ತಿದ್ದಿದ್ರೆ ಅದು ಮೇಲಿಂದ ಮತ್ತೆ ಬರೆದು ನಿಮ್ಮ ತಿದ್ದುಪಡಿ ಹಾರಿಸ್ಬಿಡತ್ತೆ.

ಪ್ರಶ್ನೆ: ಸರ್, ನಾನು ಹೈಸ್ಕೂಲ್ ಟೀಚರ್. ಶಾಲೇಲಿ ಹೆಚ್‌ಪಿ ಲೇಸರ್‌ಜೆಟ್ 1020 ಇದೆ, ಹಳೇದು ಆದ್ರೂ ಗಟ್ಟಿ. ಕಂಪ್ಯೂಟರ್ ಅಪ್‌ಡೇಟ್ ಆದ್ಮೇಲೆ ಪ್ರಶ್ನೆಪತ್ರಿಕೆ ಪ್ರಿಂಟ್ ಕೊಟ್ರೆ ಫಿಲ್ಟರ್ ಫೇಲ್ಡ್ ಅಂತ ಬಂದು ನಿಲ್ಲತ್ತೆ. ಕಪ್ಸ್‌ಎನೇಬಲ್ ಮಾಡಿದ್ರೂ ಮತ್ತೆ ಅದೇ. (ಹಾವೇರಿ ಜಿಲ್ಲೆ)

ಉತ್ತರ: ನಿಮ್ಮ ಸಮಸ್ಯೆ ಮೇಲಿನವರದ್ದಕ್ಕಿಂತ ಒಂದು ಹೆಜ್ಜೆ ಹಿಂದೆ ಇದೆ ಮೇಡಂ ಅಥವಾ ಸರ್, ಬ್ಯಾಕೆಂಡ್ ತನಕ ಜಾಬ್ ಬಂದೇ ಇಲ್ಲ, ಫಿಲ್ಟರ್‌ನಲ್ಲೇ ಬಿದ್ದಿದೆ. ಎನೇಬಲ್ ಮಾಡಿದ್ರೆ ಅದೇ ಫಿಲ್ಟರ್ ಮತ್ತೆ ಓಡಿ ಮತ್ತೆ ಬೀಳತ್ತೆ.

1020 ಮಾಡೆಲ್‌ನಲ್ಲಿ ಒಂದು ವಿಶೇಷ ಇದೆ. ಅದರ ಫರ್ಮ್‌ವೇರ್, ಅಂದ್ರೆ ಪ್ರಿಂಟರನ್ನ ನಡೆಸೋ ಪ್ರೋಗ್ರಾಮು, ಪ್ರಿಂಟರ್ ಒಳಗೆ ಖಾಯಂ ಇರಲ್ಲ, ಪ್ರತೀ ಸಲ ಆನ್ ಮಾಡಿದಾಗ ಕಂಪ್ಯೂಟರ್ರೇ ಅದನ್ನ ಕಳ್ಸಿಕೊಡ್ಬೇಕು. ಲಿನಕ್ಸ್‌ನಲ್ಲಿ ಈ ಕೆಲಸ ಹೆಚ್‌ಪಿಲಿಪ್ ಅನ್ನೋ ಪ್ಯಾಕೇಜ್ ಮತ್ತೆ ಅದರ ಜೊತೆ ಬೇರೆಯಾಗಿ ಇಳಿಸ್ಕೊಳ್ಳೋ ಪ್ಲಗಿನ್ ಸೇರಿ ಮಾಡ್ತವೆ. ಅಪ್‌ಡೇಟ್‌ನಲ್ಲಿ ಹೆಚ್‌ಪಿಲಿಪ್ ಹೊಸ ವರ್ಷನ್ ಬಂತು, ಪ್ಲಗಿನ್ ಹಳೇದೇ ಉಳೀತು, ಎರಡೂ ಒಂದೇ ವರ್ಷನ್ ಆಗಿರ್ಲೇಬೇಕು, ಇಲ್ಲಾಂದ್ರೆ ಕೆಲಸ ಮಾಡಲ್ಲ. ಇಂಟರ್ನೆಟ್ ಇರೋ ಹೊತ್ತಲ್ಲಿ ಹೆಚ್‌ಪಿ-ಪ್ಲಗಿನ್ ಅನ್ನೋ ಕಮಾಂಡ್ ಓಡಿಸಿ, ಸರಿಯಾದ ವರ್ಷನ್ ಅದೇ ಹುಡುಕಿ ಹಾಕ್ಕೊಳ್ಳತ್ತೆ. ಆಮೇಲೆ ಪ್ರಿಂಟರ್ ಆಫ್ ಮಾಡಿ ಆನ್ ಮಾಡಿ, ಕೊನೇಗೆ ಕಪ್ಸ್‌ಎನೇಬಲ್.

ಇದು ನನ್ನ ಊಹೆ ಮಾತ್ರ ಆಗ್ಬಾರ್ದು ಅಂದ್ರೆ ಲಾಗ್ ನೋಡಿ. ಸುಡೊ ಕಪ್ಸ್‌ಸಿಟಿಎಲ್ --ಡೀಬಗ್-ಲಾಗಿಂಗ್ ಅಂತ ಕೊಟ್ಟು ಒಂದೇ ಒಂದು ಪೇಜ್ ಪ್ರಿಂಟ್ ಕೊಡಿ, ಆಮೇಲೆ /ವಾರ್/ಲಾಗ್/ಕಪ್ಸ್/ ಅನ್ನೋ ಫೋಲ್ಡರಲ್ಲಿ ಎರರ್_ಲಾಗ್ ಫೈಲ್ ತೆಗೀರಿ. ಸಾಲಿನ ಶುರುವಲ್ಲಿ ಇ ಅಕ್ಷರ ಇದ್ರೆ ಎರರ್, ಡಬ್ಲ್ಯೂ ಇದ್ರೆ ಎಚ್ಚರಿಕೆ, ಡಿ ಇದ್ರೆ ಬರೀ ವಿವರ. ಚೌಕ ಬ್ರಾಕೆಟ್ ಒಳಗೆ ಜಾಬ್ ನಂಬರ್ ಇರತ್ತೆ, ಆ ನಂಬರ್ ಹಿಡ್ಕೊಂಡು ಹುಡುಕಿದ್ರೆ ಆ ಜಾಬಿನ ಇಡೀ ಜಾತಕ ಸಿಗತ್ತೆ, ಯಾವ ಫಿಲ್ಟರ್ ಶುರು ಆಯ್ತು, ಯಾವುದು ಬಿತ್ತು, ಪ್ಲಗಿನ್ ಇಲ್ಲ ಅಂತ ದೂರಿದ್ಯಾ, ಎಲ್ಲಾ. ನೋಡಿ ಆದ್ಮೇಲೆ --ನೋ-ಡೀಬಗ್-ಲಾಗಿಂಗ್ ಕೊಟ್ಟು ಮುಚ್ಚೋದು ಮರೀಬೇಡಿ, ಲಾಗ್ ಸುಮ್ಮನೆ ಬೆಳೀತಾ ಹೋಗತ್ತೆ.

ಪ್ರಿಂಟರ್ ಸೇರಿಸುವಾಗ ಡ್ರೈವರ್‌ಗಳು ಮುಂದಿನ ವರ್ಷನ್‌ನಲ್ಲಿ ನಿಂತೋಗ್ತವೆ ಅನ್ನೋ ಅರ್ಥದ ಒಂದು ಎಚ್ಚರಿಕೆ ಬರ್ಬೋದು, ಹೆದರ್ಬೇಡಿ, ಅದು ಎರರ್ ಅಲ್ಲ. ಡ್ರೈವರ್ ಇಲ್ಲದೆ ನೇರ ಮಾತಾಡೋ ಹೊಸ ಪ್ರಿಂಟರ್‌ಗಳ ಕಡೆಗೆ ಕಪ್ಸ್ ಹೋಗ್ತಾ ಇದೆ, ಅದಕ್ಕೆ ಮುಂಚಿತವಾಗಿ ಹೇಳ್ತಾ ಇದೆ. ಇವತ್ತಿಗೆ ನಿಮ್ಮ 1020 ನಡಿಯತ್ತೆ.

ಪ್ರಶ್ನೆ: ಪ್ರಿಂಟರ್ ಲೈಟ್ ಮಿನುಗ್ತಾ ಇರತ್ತೆ, ಜಾಬ್ ಪ್ರೊಸೆಸಿಂಗ್ ಅಂತಲೇ ಇರತ್ತೆ, ಮುಂದೆ ಹೋಗಲ್ಲ. ಪ್ರಿಂಟರ್ ಮೇಲಿನ ಬಟನ್ ಒತ್ತಿದ್ರೆ ಆ ಒಂದು ಪೇಜ್ ಬರತ್ತೆ. ಪ್ರತೀ ಪೇಜಿಗೂ ಒತ್ತಬೇಕು. (ಮೈಸೂರು)

ಉತ್ತರ: ಪೇಪರ್ ಸೈಜ್. ಕ್ಯೂನ ಡೀಫಾಲ್ಟ್ ಅಮೆರಿಕದ ಲೆಟರ್ ಸೈಜ್ ಆಗಿದೆ, ಟ್ರೇನಲ್ಲಿ ಇರೋದು ಎ4, ಲೆಟರ್ ಹಾಕು ಅಂತ ಪ್ರಿಂಟರ್ ಕಾಯ್ತಾ ಇದೆ. ಸುಡೊ ಎಲ್‌ಪಿಅಡ್ಮಿನ್ -ಪಿ ಕ್ಯೂ-ಹೆಸರು -ಓ ಮೀಡಿಯಾ=ಎ4 ಕೊಡಿ, ಇದರಲ್ಲಿ ಎ4ನ ಎ ದೊಡ್ಡಕ್ಷರ. ಡೆಬಿಯನ್, ಉಬುಂಟು ಆದ್ರೆ /ಇಟಿಸಿ/ಪೇಪರ್‌ಸೈಜ್ ಫೈಲಲ್ಲೂ ಎ4 ಅಂತ ಇದ್ಯಾ ನೋಡಿ. ಪಿಡಿಎಫ್ ಕೂಡ ಲೆಟರ್ ಸೈಜಲ್ಲಿ ಮಾಡಿದ್ದಾಗಿದ್ರೆ ಪ್ರಿಂಟ್ ಕೊಡುವಾಗ ಫಿಟ್ ಟು ಪೇಜ್ ಆರಿಸ್ಕೊಳಿ.

ಪ್ರಶ್ನೆ: ನಮ್ಮ ಆಫೀಸಲ್ಲಿ ಹದಿನೈದು ಜನಕ್ಕೆ ಒಂದೇ ನೆಟ್‌ವರ್ಕ್ ಪ್ರಿಂಟರ್, ಒಂದು ಲಿನಕ್ಸ್ ಸರ್ವರ್ ಮೇಲೆ ಕಪ್ಸ್. ಎರಡು ತೊಂದ್ರೆ. ಒಂದು, ವಾರಕ್ಕೊಮ್ಮೆಯಾದ್ರೂ ಪ್ರಿಂಟರ್ ಸಿಗ್ತಿಲ್ಲ ಅಂತ ಬರತ್ತೆ. ಇನ್ನೊಂದು, ಯಾರಾದ್ರೂ 300 ಪೇಜಿನ ರಿಪೋರ್ಟ್ ಕೊಟ್ರೆ ಎರಡು ಪೇಜಿನ ಲೆಟರ್ ಇರೋರೆಲ್ಲಾ ಕಾಯ್ಬೇಕು. ಪಾಪ ಎದ್ದು ಪ್ರಿಂಟರ್ ಹತ್ರ ಹೋಗಿ ಖಾಲಿ ಕೈಲಿ ವಾಪಸ್ ಬರ್ತಾರೆ. (ಬೆಂಗಳೂರು)

ಉತ್ತರ: ಮೊದಲನೇದು ಹೆಚ್ಚಾಗಿ ಐಪಿ ಅಡ್ರೆಸ್ ಬದಲಾಗೋದ್ರಿಂದ. ಪ್ರಿಂಟರ್ ಆಫ್ ಆಗಿ ಆನ್ ಆದಾಗ ರೌಟರ್ ಬೇರೆ ಐಪಿ ಕೊಡತ್ತೆ, ಕ್ಯೂ ಹಳೇ ವಿಳಾಸಕ್ಕೇ ಬಾಗಿಲು ಬಡೀತಾ ಇರತ್ತೆ. ಎಲ್‌ಪಿಸ್ಟ್ಯಾಟ್ -ವಿ ಅಂದ್ರೆ ಕ್ಯೂ ನಂಬಿರೋ ವಿಳಾಸ ತೋರ್ಸತ್ತೆ, ಸುಡೊ ಎಲ್‌ಪಿಇನ್ಫೋ -ವಿ ಅಂದ್ರೆ ಸದ್ಯ ಕಣ್ಣಿಗೆ ಬೀಳ್ತಿರೋ ಪ್ರಿಂಟರ್‌ಗಳ ವಿಳಾಸ ತೋರ್ಸತ್ತೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಒಂದಂಕಿ ಬೇರೆ ಇದ್ರೂ ಗೊತ್ತಾಗತ್ತೆ. ಯುಎಸ್‌ಬಿ ಪ್ರಿಂಟರ್‌ಗೂ ಇದೇ ಪರೀಕ್ಷೆ, ಅಲ್ಲಿ ಐಪಿ ಬದಲು ಸೀರಿಯಲ್ ನಂಬರ್ ಇರತ್ತೆ, ಅದೇ ಮಾಡೆಲ್‌ನ ಬೇರೆ ಪ್ರಿಂಟರ್ ತಂದು ಅದೇ ಕೇಬಲ್‌ಗೆ ಸಿಕ್ಕಿಸಿದ್ರೂ ಕ್ಯೂ ಅದನ್ನ ಗುರುತು ಹಿಡಿಯಲ್ಲ, ಹಳೇದು ಬರ್ಲಿ ಅಂತ ಕಾಯ್ತಾ ಇರತ್ತೆ. ನಿಮಗೆ ಪರಿಹಾರ ರೌಟರ್‌ನಲ್ಲಿ ಪ್ರಿಂಟರ್‌ನ ಮ್ಯಾಕ್ ಅಡ್ರೆಸ್‌ಗೆ (ಅದರ ನೆಟ್‌ವರ್ಕ್ ಭಾಗದ ಖಾಯಂ ಗುರುತು) ಒಂದು ಐಪಿ ಕಾಯ್ದಿರಿಸೋದು. ನೆಟ್‌ವರ್ಕ್ ನೋಡ್ಕೊಳ್ಳೋರಿಗೆ ಹೇಳಿದ್ರೆ ಐದು ನಿಮಿಷದ ಕೆಲಸ, ಆದ್ರೆ ಎಷ್ಟೋ ಆಫೀಸುಗಳಲ್ಲಿ ಪ್ರಿಂಟರ್ ಒಬ್ಬರ ಜವಾಬ್ದಾರಿ, ರೌಟರ್ ಇನ್ನೊಬ್ಬರದು, ಇಬ್ಬರೂ ಒಂದು ಸಲ ಕೂತು ಮಾತಾಡಿದ್ರೆ ಹದಿನೈದು ಜನದ ತಲೆನೋವು ಹೋಗತ್ತೆ.

ಎರಡನೇದಕ್ಕೆ ಕಪ್ಸ್‌ನಲ್ಲಿ ಒಳ್ಳೇ ವ್ಯವಸ್ಥೆ ಇದೆ, ಬಳಸೋರು ಕಮ್ಮಿ. ಪ್ರತೀ ಜಾಬ್‌ಗೂ 1ರಿಂದ 100ರ ತನಕ ಒಂದು ಪ್ರಯಾರಿಟಿ ಇರತ್ತೆ, ಏನೂ ಹೇಳ್ದಿದ್ರೆ 50. ಅರ್ಜೆಂಟ್ ಲೆಟರ್ ಇದ್ರೆ ಎಲ್‌ಪಿ -ಐ ಜಾಬ್-ನಂಬರ್ -ಕ್ಯೂ 80 ಅಂದ್ರೆ ಅದು ಕಾಯ್ತಿರೋ ಉಳಿದವಕ್ಕಿಂತ ಮುಂದೆ ಬರತ್ತೆ, ಇಲ್ಲಿ -ಕ್ಯೂ ಅನ್ನೋದು ಇಂಗ್ಲಿಷಿನ ಒಂದೇ ಅಕ್ಷರ. ಈಗಾಗ್ಲೇ ಓಡ್ತಿರೋ ಜಾಬನ್ನ ಇದು ತಡೆಯಲ್ಲ, ಅದು ಮುಗಿದ ಮೇಲೆ ಯಾರು ಅನ್ನೋದನ್ನ ಮಾತ್ರ ಬದಲಾಯಿಸತ್ತೆ. ಹಾಗಾಗಿ ದೊಡ್ಡ ರಿಪೋರ್ಟ್ ಕೊಡೋರಿಗೇ ಹೇಳಿ, ಕೊಡುವಾಗ್ಲೇ -ಹೆಚ್ ಹೋಲ್ಡ್ ಅಂತ ಸೇರ್ಸಿ ಕೊಡ್ಲಿ, ಹೆಚ್ ದೊಡ್ಡಕ್ಷರ. ಜಾಬ್ ಕ್ಯೂನಲ್ಲಿ ಕೂತಿರತ್ತೆ, ಊಟದ ಹೊತ್ತಲ್ಲಿ ಎಲ್‌ಪಿ -ಐ ಜಾಬ್-ನಂಬರ್ -ಹೆಚ್ ರೆಸ್ಯೂಮ್ ಅಂದ್ರೆ ಹೊರಡತ್ತೆ. ಟೈಮ್ ಕೂಡ ಕೊಡ್ಬೋದು, ಆದ್ರೆ ಕಪ್ಸ್ ಕೇಳೋದು ಯುಟಿಸಿ ಟೈಮು, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಸಂಜೆ 6:30ಕ್ಕೆ ಬರ್ಲಿ ಅಂದ್ರೆ 13:00 ಅಂತ ಕೊಡ್ಬೇಕು. ನೇರ 18:30 ಕೊಟ್ರೆ ನಡುರಾತ್ರಿ 12 ಗಂಟೆಗೆ ಖಾಲಿ ಆಫೀಸಲ್ಲಿ 300 ಪೇಜ್ ಹೊಡೀತಾ ಇರತ್ತೆ. ಇನ್ನೊಂದು ಪ್ರಿಂಟರ್ ಬಿಡುವಾಗಿದ್ರೆ ಎಲ್‌ಪಿಮೂವ್ ಜಾಬ್-ನಂಬರ್ ಬೇರೆ-ಕ್ಯೂ ಅಂತ ಅಲ್ಲಿಗೆ ಕಳ್ಸೋದೂ ಆಗತ್ತೆ.

ಎದ್ದು ಹೋಗಿ ಖಾಲಿ ಕೈಲಿ ವಾಪಸ್ ಬರೋ ಮಾತು ಬಂತಲ್ಲ, ಅದಕ್ಕೊಂದು ದೊಡ್ಡ ಇತಿಹಾಸವೇ ಇದೆ. ಅಮೆರಿಕದ ಎಂಐಟಿಯ ಎಐ ಲ್ಯಾಬಲ್ಲಿ ಪ್ರಿಂಟರ್ ಇದ್ದಿದ್ದು ಬೇರೆ ಮಹಡೀಲಿ, ಅಲ್ಲಿದ್ದ ರಿಚರ್ಡ್ ಸ್ಟಾಲ್ಮನ್ ಹಳೇ ಪ್ರಿಂಟರ್‌ನ ಪ್ರೋಗ್ರಾಮ್ ತಿದ್ದಿ, ಪೇಪರ್ ಸಿಕ್ಕಿಕೊಂಡ್ರೆ ಕಾಯ್ತಿರೋರ ಸ್ಕ್ರೀನ್ ಮೇಲೆ ಮೆಸೇಜ್ ಬರೋ ಹಾಗೆ ಮಾಡಿದ್ರು. ಆಮೇಲೆ ಹೊಸ ಲೇಸರ್ ಪ್ರಿಂಟರ್ ಬಂತು, ಅದರ ಸೋರ್ಸ್ ಕೋಡ್ ಸಿಗ್ಲಿಲ್ಲ, ಆ ಸೌಲಭ್ಯ ಸೇರ್ಸೋಕಾಗ್ಲಿಲ್ಲ. ತಾನು 1983ರಲ್ಲಿ ಗ್ನೂ ಯೋಜನೆ (ಎಲ್ಲರೂ ತಿದ್ದಿ ಹಂಚ್ಕೊಳ್ಳೋ ಸಾಫ್ಟ್‌ವೇರ್ ಮಾಡೋ ಯೋಜನೆ) ಘೋಷಿಸೋ ದಾರೀಲಿ ಆ ಅನುಭವಾನೂ ಒಂದು ಅಂತ ಅವರೇ ಹೇಳ್ಕೊಂಡಿದಾರೆ. ಇವತ್ತು ನಿಮ್ಮ ಸರ್ವರ್ ಮೇಲೆ ಕಪ್ಸ್ ವೆಬ್ ಪೇಜ್ ಇದೆ, ಬ್ರೌಸರಲ್ಲಿ ಸರ್ವರ್ ವಿಳಾಸ, ಮುಂದೆ :631 ಅಂತ ಹಾಕಿದ್ರೆ ಕ್ಯೂ ಪೂರ್ತಿ ಕಾಣತ್ತೆ. ಹೊರಗಿಂದ ನೋಡೋಕೆ ಸರ್ವರ್‌ನಲ್ಲಿ ಅನುಮತಿ ಕೊಟ್ಟಿರ್ಬೇಕು ಅಷ್ಟೆ. ಎಲ್ಲರಿಗೂ ಆ ಲಿಂಕ್ ಹಂಚಿ, ಎದ್ದು ಹೋಗೋ ಮುಂಚೆ ನೋಡ್ಕೊಂಡು ಹೋಗ್ಲಿ.

ಪ್ರಶ್ನೆ: ಒಂದು ಜಾಬ್ ಏನ್ ಮಾಡಿದ್ರೂ ಡಿಲೀಟ್ ಆಗ್ತಿಲ್ಲ ಸರ್. ಕ್ಯಾನ್ಸಲ್ ಕೊಟ್ರೆ ಫರ್ಬಿಡನ್ ಅನ್ನತ್ತೆ. ಇನ್ನೊಂದು ಜಾಬ್ ಕ್ಯಾನ್ಸಲ್ ಆದ್ರೂ ಪ್ರಿಂಟರ್ ಆನ್ ಮಾಡಿದ ಕೂಡ್ಲೇ ಚಿತ್ರವಿಚಿತ್ರ ಅಕ್ಷರ ಇರೋ ಹಾಳೆಗಳು ಬರ್ತಾನೇ ಇರ್ತವೆ. (ಕಲಬುರಗಿ)

ಉತ್ತರ: ಫರ್ಬಿಡನ್ ಅಂದ್ರೆ ಆ ಜಾಬ್ ನಿಮ್ಮ ಯೂಸರ್ ಹೆಸರಲ್ಲಿ ಇಲ್ಲ. ನಮ್ಮ ಜಾಬನ್ನ ನಾವು ತೆಗೀಬೋದು, ಬೇರೆಯವರದ್ದಕ್ಕೆ ಅಧಿಕಾರ ಬೇಕು. ಸುಡೊ ಸೇರಿಸಿ ಕ್ಯಾನ್ಸಲ್ ಕೊಡಿ, ಅಥವಾ ಡೆಬಿಯನ್, ಉಬುಂಟುನಲ್ಲಿ ನಿಮ್ಮ ಯೂಸರ್‌ನ ಎಲ್‌ಪಿಅಡ್ಮಿನ್ ಅನ್ನೋ ಗ್ರೂಪಿಗೆ ಸೇರಿಸ್ಕೊಂಡು ಲಾಗೌಟ್ ಆಗಿ ಬನ್ನಿ.

ವಿಚಿತ್ರ ಅಕ್ಷರದ ಹಾಳೆ ಬರೋದು ಅರ್ಧ ಜಾಬ್‌ನಿಂದ. ಜಾಬಿನ ಶುರುವಲ್ಲಿ ಇದು ಯಾವ ಭಾಷೆ ಅಂತ ಪ್ರಿಂಟರ್‌ಗೆ ತಿಳಿಸೋ ಭಾಗ ಇರತ್ತೆ, ಅದು ತಪ್ಪಿಹೋಗಿ ಮಧ್ಯದಿಂದ ಡೇಟಾ ಸಿಕ್ಕಿದ್ರೆ ಪ್ರಿಂಟರ್ ಅದನ್ನ ಬರೀ ಅಕ್ಷರ ಅಂದ್ಕೊಂಡು ಹೊಡೀತಾ ಹೋಗತ್ತೆ. ತಪ್ಪು ಡ್ರೈವರ್ ಆರಿಸಿದ್ರೂ ಹೀಗೇ ಆಗತ್ತೆ. ಕ್ರಮ ಮುಖ್ಯ ಇಲ್ಲಿ. ಮೊದಲು ಸುಡೊ ಕಪ್ಸ್‌ಡಿಸೇಬಲ್ ಕ್ಯೂ-ಹೆಸರು ಕೊಟ್ಟು ಕ್ಯೂ ನಿಲ್ಸಿ. ಆಮೇಲೆ ಸುಡೊ ಕ್ಯಾನ್ಸಲ್ -ಎ -ಎಕ್ಸ್ ಕ್ಯೂ-ಹೆಸರು, ಎಕ್ಸ್ ಹಾಕಿದ್ರೆ ಜಾಬಿನ ಡೇಟಾ ಫೈಲೂ ಅಳಿಸತ್ತೆ. ಆಮೇಲೆ ಪ್ರಿಂಟರ್‌ನ ಪವರ್ ಕೇಬಲ್ಲೇ ಕಿತ್ತು ಸ್ವಲ್ಪ ಹೊತ್ತು ಬಿಡಿ, ಅದರ ಮೆಮೊರೀಲಿ ಉಳಿದಿರೋದು ಹೋಗ್ಲಿ. ಆನ್ ಮಾಡಿ, ರೆಡಿ ಆದ್ಮೇಲೆ ಕೊನೇಗೆ ಕಪ್ಸ್‌ಎನೇಬಲ್. ಪ್ರಿಂಟರ್ ಒಂದನ್ನೇ ಆಫ್ ಆನ್ ಮಾಡ್ತಾ ಇದ್ರೆ ಕ್ಯೂ ಅದೇ ಕಸಾನ ಮತ್ತೆ ಮತ್ತೆ ಕಳ್ಸತ್ತೆ, ಪೇಪರ್ ಖರ್ಚಾಗೋದು ಬಿಟ್ರೆ ಏನೂ ಆಗಲ್ಲ.

ಹೊಸ ಜಾಬೇ ಒಳಗೆ ಸೇರ್ತಿಲ್ಲ ಅಂದ್ರೆ ಡಿಎಫ್ -ಹೆಚ್ ಕೊಟ್ಟು ಡಿಸ್ಕ್ ತುಂಬಿದ್ಯಾ ನೋಡಿ. ಜಾಬುಗಳು /ವಾರ್/ಸ್ಪೂಲ್/ಕಪ್ಸ್ ಫೋಲ್ಡರಲ್ಲಿ ಇರ್ತವೆ, ಆ ಪಾರ್ಟಿಷನ್ ತುಂಬಿದ್ರೆ ಕಪ್ಸ್ ಏನು ಮಾಡೋಕೂ ಆಗಲ್ಲ. ಫೈಲುಗಳನ್ನ ಕೈಯಾರೆ ಅಳಿಸೋಕಿಂತ ಕ್ಯಾನ್ಸಲ್ ಮೂಲಕವೇ ತೆಗೀರಿ.

ಪ್ರಶ್ನೆ: ಪಂಚಾಯ್ತಿಯಿಂದ ಬಂದ ಕನ್ನಡ ಪಿಡಿಎಫ್ ಸ್ಕ್ರೀನ್ ಮೇಲೆ ಅರ್ಧ ಸರಿ, ಪ್ರಿಂಟಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲಾ ಕಲಸಿ ಬರತ್ತೆ. ಬೇರೆ ಪಿಡಿಎಫ್ ಸರಿಯಾಗಿ ಬರತ್ತೆ. ಕ್ಯೂ ರೀಸೆಟ್ ಮಾಡಿದ್ದಾಯ್ತು. (ಕುಂದಾಪುರ)

ಉತ್ತರ: ಕ್ಯೂನ ಬಿಟ್ಬಿಡಿ, ಅದರದ್ದೇನೂ ತಪ್ಪಿಲ್ಲ. ಪಿಡಿಎಫ್‌ಫಾಂಟ್ಸ್ ಅಂತ ಬರೆದು ಮುಂದೆ ಫೈಲ್ ಹೆಸರು ಕೊಡಿ. ಬರೋ ಪಟ್ಟೀಲಿ ಇಎಂಬಿ ಅನ್ನೋ ಕಾಲಮ್ ಇದೆ, ಅಲ್ಲಿ ಕನ್ನಡ ಫಾಂಟಿನ ಎದುರು ನೋ ಅಂತಿದ್ರೆ ಫಾಂಟನ್ನ ಪಿಡಿಎಫ್ ಒಳಗೆ ಸೇರಿಸಿಲ್ಲ ಅಂತ ಅರ್ಥ. ಹಳೇ ನುಡಿ ಫಾಂಟುಗಳು ಯೂನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಇಟ್ಟಿರ್ತವೆ, ಫಾಂಟ್ ಸಿಗ್ಲಿಲ್ಲ ಅಂದ್ರೆ ಒಳಗಿರೋ ಇಂಗ್ಲಿಷ್ ಅಕ್ಷರವೇ ಆಚೆ ಬರತ್ತೆ. ಸರಿಯಾದ ದಾರಿ ಅಂದ್ರೆ ಕಳ್ಸಿದೋರಿಗೆ ಫಾಂಟ್ ಎಂಬೆಡ್ ಮಾಡಿ ಕಳ್ಸಿ ಅನ್ನೋದು, ಇನ್ನೂ ಒಳ್ಳೇದು ಯೂನಿಕೋಡಲ್ಲೇ ಟೈಪ್ ಮಾಡಿ ಅನ್ನೋದು. ಸಾರ್ವಜನಿಕರಿಗೆ ಹೋಗೋ ಕಾಗದ ಎಲ್ಲಾ ಕಂಪ್ಯೂಟರಲ್ಲೂ ಒಂದೇ ಥರ ಕಾಣ್ಬೇಕು, ಜನ ತಮ್ಮ ಅರ್ಜೀಲಿ ಏನಿದೆ ಅಂತ ಓದೋಕಾಗದೆ ಅಂಗಡಿಯಿಂದ ಅಂಗಡಿಗೆ ಅಲೆಯೋದು ಸರಿಯಲ್ಲ. ತುರ್ತಿಗೆ ಆ ಫಾಂಟನ್ನ ನಿಮ್ಮ ಸಿಸ್ಟಮಲ್ಲಿ ಹಾಕ್ಕೊಂಡು ನೋಡಿ.

ಇಎಂಬಿ ಎದುರು ಯೆಸ್ ಅಂತಿದ್ದು, ಸ್ಕ್ರೀನಲ್ಲಿ ಸರಿ ಇದ್ದು, ಪ್ರಿಂಟಲ್ಲಿ ಮಾತ್ರ ಕೆಟ್ರೆ ಆಗ ಫಿಲ್ಟರ್ ಮೇಲೆ ಅನುಮಾನ. ಓಕ್ಯುಲರ್ ಅನ್ನೋ ಪಿಡಿಎಫ್ ಓದೋ ಪ್ರೋಗ್ರಾಮಲ್ಲಿ ತೆಗೆದು ಪ್ರಿಂಟ್ ಆಪ್ಷನ್‌ನಲ್ಲಿ ಫೋರ್ಸ್ ರಾಸ್ಟರೈಜೇಷನ್ ಟಿಕ್ ಮಾಡಿದ್ರೆ ಪೇಜ್ ಚಿತ್ರವಾಗಿ ಹೋಗತ್ತೆ, ಒತ್ತಕ್ಷರ ಅಲುಗಾಡಲ್ಲ.

ಪ್ರಶ್ನೆ: ನಾನು ಐರ್ಲೆಂಡಲ್ಲಿ ಇದೀನಿ, ಮ್ಯಾಕ್ ಬಳಸ್ತೀನಿ. ಪ್ರಿಂಟರ್ ಪಾಸ್ಡ್ (ತಡೆದು ನಿಲ್ಸಿದೆ) ಅಂತ ಬರತ್ತೆ, ರೆಸ್ಯೂಮ್ ಒತ್ತಿದ್ರೆ ಮತ್ತೆ ನಿಲ್ಲತ್ತೆ. ನಿಮ್ಮ ಲಿನಕ್ಸ್ ಕಮಾಂಡ್ ಇಲ್ಲಿ ನಡಿಯತ್ತಾ?

ಉತ್ತರ: ನಡಿಯತ್ತೆ, ಯಾಕಂದ್ರೆ ಮ್ಯಾಕ್ ಒಳಗೆ ಇರೋದೂ ಕಪ್ಸೇ. ಮೈಕಲ್ ಸ್ವೀಟ್ ಅನ್ನೋರು ಶುರು ಮಾಡಿದ ಈ ಪ್ರೋಗ್ರಾಮನ್ನ ಆಪಲ್ 2002ರಲ್ಲಿ ಮ್ಯಾಕ್ ಓಎಸ್ 10.2ಕ್ಕೆ ತಗೊಂಡ್ತು, 2007ರಲ್ಲಿ ಸೋರ್ಸ್ ಕೋಡನ್ನೇ ಕೊಂಡ್ಕೊಂಡ್ತು. ಲಿನಕ್ಸ್‌ನವರು ಈಗ ಬಳಸೋದು ಓಪನ್‌ಪ್ರಿಂಟಿಂಗ್ ಗುಂಪು ನೋಡ್ಕೊಳ್ತಿರೋ ಕಪ್ಸನ್ನ. ಟರ್ಮಿನಲ್ ತೆಗೆದು ಎಲ್‌ಪಿಸ್ಟ್ಯಾಟ್, ಕ್ಯಾನ್ಸಲ್, ಕಪ್ಸ್‌ಎನೇಬಲ್ ಎಲ್ಲಾ ಹೊಡೀಬೋದು. ವೆಬ್ ಪೇಜ್ ಮಾತ್ರ ಮುಚ್ಚಿರತ್ತೆ, ಕಪ್ಸ್‌ಸಿಟಿಎಲ್ ವೆಬ್‌ಇಂಟರ್ಫೇಸ್=ಯೆಸ್ ಕೊಟ್ಟು ತೆಗೆದು ಲೋಕಲ್‌ಹೋಸ್ಟ್:631ಕ್ಕೆ ಹೋಗಿ, ಇದರಲ್ಲಿ ವೆಬ್‌ನ ಡಬ್ಲ್ಯೂ, ಇಂಟರ್ಫೇಸ್‌ನ ಐ ದೊಡ್ಡಕ್ಷರ. ರೆಸ್ಯೂಮ್ ಮಾಡಿದ ಕೂಡ್ಲೇ ಮತ್ತೆ ನಿಂತ್ರೆ ಲಿಸ್ಟಿನ ಮೊದಲನೇ ಜಾಬ್ ತೆಗೆದು ನೋಡಿ. ಅದೊಂದೇ ಫೈಲಿಂದ ನಿಲ್ತಿದ್ರೆ ಎರಡನೇದು ಸಲೀಸಾಗಿ ಹೋಗತ್ತೆ. ಎರಡನೇದೂ ನಿಂತ್ರೆ ಪ್ರಿಂಟರ್‌ನ ವೈಫೈ ವಿಳಾಸ ನೋಡಿ, ಬೆಂಗಳೂರಿನವರಿಗೆ ಹೇಳಿದ ಉತ್ತರವೇ ನಿಮಗೂ.

ಪ್ರಶ್ನೆ: ನಾನು ಸೇರಿಸದೇ ಇರೋ ಪ್ರಿಂಟರ್‌ಗಳು ಲಿಸ್ಟಲ್ಲಿ ತಾನಾಗೇ ಬರ್ತವೆ, ಹೋಗ್ತವೆ. ಡಿಲೀಟ್ ಮಾಡಿದ್ರೆ ಮತ್ತೆ ಹಾಜರ್. ಯಾರಾದ್ರೂ ಹ್ಯಾಕ್ ಮಾಡಿದಾರಾ? (ಹುಬ್ಬಳ್ಳಿ)

ಉತ್ತರ: ಹ್ಯಾಕ್ ಅಲ್ಲ, ಕಪ್ಸ್-ಬ್ರೌಸ್ಡ್ ಅನ್ನೋ ಸರ್ವಿಸ್ ನೆಟ್‌ವರ್ಕಲ್ಲಿ ಕಂಡ ಪ್ರಿಂಟರ್‌ಗಳಿಗೆಲ್ಲಾ ತಾನೇ ಕ್ಯೂ ಮಾಡ್ತಾ ಇರತ್ತೆ. ಆದ್ರೂ ನಿಮ್ಮ ಅನುಮಾನ ಪೂರ್ತಿ ತಳ್ಳಿಹಾಕೋ ಹಾಗಿಲ್ಲ. 2024ರ ಸೆಪ್ಟೆಂಬರಲ್ಲಿ ಇದೇ ಸರ್ವಿಸ್‌ನಲ್ಲಿ ಗಂಭೀರ ಭದ್ರತಾ ಲೋಪ ಬಹಿರಂಗ ಆಯ್ತು, ಯುಡಿಪಿ 631 ಪೋರ್ಟಿಗೆ ಹೊರಗಿನವರು ಸುಳ್ಳು ಪ್ರಿಂಟರ್‌ನ ಸುದ್ದಿ ಕಳ್ಸಿ ಕ್ಯೂ ಸೇರಿಸ್ಬೋದಿತ್ತು, ಆ ಕ್ಯೂಗೆ ನೀವು ಪ್ರಿಂಟ್ ಕೊಟ್ರೆ ಅವರ ಕಮಾಂಡ್ ನಿಮ್ಮ ಮಷೀನಲ್ಲಿ ಓಡೋ ಸಾಧ್ಯತೆ ಇತ್ತು. ಡಿಸ್ಟ್ರೋಗಳು ಅಪ್‌ಡೇಟ್ ಕೊಟ್ಟಿದಾವೆ, ನೀವು ಹಾಕ್ಕೊಂಡಿದೀರಾ ನೋಡಿ. ಯುಎಸ್‌ಬಿ ಪ್ರಿಂಟರ್ ಒಂದೇ ಇರೋರಿಗೆ ಈ ಸರ್ವಿಸ್ ಬೇಕಾಗೇ ಇಲ್ಲ, ಸುಡೊ ಸಿಸ್ಟಮ್‌ಸಿಟಿಎಲ್ ಡಿಸೇಬಲ್ --ನೌ ಕಪ್ಸ್-ಬ್ರೌಸ್ಡ್ ಕೊಟ್ಟು ನಿಲ್ಲಿಸ್ಬಿಡಿ. ನಿಮ್ಮ ಸ್ವಂತ ಕ್ಯೂ ಇದರಿಂದ ಏನೂ ಆಗಲ್ಲ. ನಿಲ್ಲಿಸಿದ ಮೇಲೆ ಎಲ್‌ಪಿಸ್ಟ್ಯಾಟ್ -ವಿ ಹೊಡೆದು ನಿಮಗೆ ಪರಿಚಯ ಇಲ್ಲದ ವಿಳಾಸ ಇನ್ನೂ ಉಳಿದಿದ್ರೆ ಸುಡೊ ಎಲ್‌ಪಿಅಡ್ಮಿನ್ -ಎಕ್ಸ್ ಕ್ಯೂ-ಹೆಸರು ಅಂತ ಅದನ್ನ ತೆಗೀರಿ.